ಬೆಂಕಿ ಬಂದ ದಾರಿ ಹಿಡಿದು

ಬೆಂಕಿ ಆರಿದ ಮೇಲೆ ಜನ ಮೊದಲು ಕೇಳುವುದು ಯಾರು ಹಚ್ಚಿದರು ಅಂತ. ನನ್ನ ಕೆಲಸಕ್ಕೂ ಆ ಪ್ರಶ್ನೆಗೂ ಸಂಬಂಧವಿಲ್ಲ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದವಳು. ಕಾಡಿನ ಬೆಂಕಿ ಯಾವ ಗಾಳಿಗೆ ಎಷ್ಟು ಜೋರು ಓಡುತ್ತದೆ, ಹುಲ್ಲಿನಲ್ಲಿ ಎಷ್ಟು ತೇವ ಉಳಿದಿದ್ದರೆ ನಿಂತುಹೋಗುತ್ತದೆ, ಹೋಗುವಾಗ ಮಣ್ಣಿಗೂ ಬೇರಿಗೂ ಏನು ಮಾಡಿ ಹೋಗುತ್ತದೆ, ಇಷ್ಟೇ ನನ್ನ ಓದು. ಚಿಂಚೋಳಿ ಕಾಡಿನ ಅಂಚಿನ ಒಂದು ಊರಿನ ಮೇಲ್ಗಡೆ ನಮ್ಮದೊಂದು ಗಾಳಿ ಅಳೆಯುವ ಕಂಬವಿತ್ತು. ಬೇಸಿಗೆ ಬರುವ ಮುಂಚೆ ಅಲ್ಲಿ ಹುಲ್ಲು ಕೊಯ್ಯುವುದು, ತೂಗುವುದು, ಒಣಗಿಸಿ ಮತ್ತೆ ತೂಗುವುದು. ನೋಡಿದವರಿಗೆಲ್ಲ ನಗು. ಆ ಊರಿನ ಬೆಂಕಿ ಕಾವಲುಗಾರನಂತೂ, "ಮೇಡಂ ರೀ, ಈ ಹುಲ್ಲು ಮಾರಾಕ ತೂಗಲಿಕತ್ತೀರೋ, ಸುಡಾಕ ತೂಗಲಿಕತ್ತೀರೋ, ಒಂದು ಹೇಳಿಬಿಡ್ರಿ" ಎಂದು ಕಾಡಿಸುತ್ತಿದ್ದ. ಬೇಸಿಗೆಗೆ ಮಾತ್ರ ಅರಣ್ಯ ಇಲಾಖೆ ದಿನಗೂಲಿಯ ಮೇಲೆ ಇಟ್ಟುಕೊಳ್ಳುತ್ತಿದ್ದ ಆಳು. ಕೈಯಲ್ಲಿ ಒಂದು ಕುಡಗೋಲು, ಬೆಂಕಿ ಬಡಿಯಲು ಹಸಿ ಟೊಂಗೆ, ಬಾಯಿತುಂಬ ಮಾತು.

ಆ ವರ್ಷದ ಮೊದಲ ದೊಡ್ಡ ಬೆಂಕಿಯಲ್ಲೇ ಅವನು ಹೋಗಿಬಿಟ್ಟ. ನಾನಾಗ ವಾಡಿಯಲ್ಲಿ ಅಣ್ಣನ ರೈಲ್ವೆ ಕ್ವಾರ್ಟರ್ಸ್‌ನಲ್ಲಿದ್ದೆ. ಸೇಡಂನಿಂದ ನನ್ನ ಸಹೋದ್ಯೋಗಿ ಫೋನ್ ಮಾಡಿ, "ನಮ್ಮ ಕಂಬದ ಕಡಿ ಬೆಂಕಿ ಬಿದ್ದದ್ರಿ" ಎಂದು ಶುರು ಮಾಡಿದರು. ಕಂಬ ಹೋದರೆ ಹೋಗಲಿ ಬಿಡಿ ಎಂದೆ. ಆಗ ಕಾವಲುಗಾರನ ಸುದ್ದಿ ಹೇಳಿದರು. ಚಿತ್ತಾಪುರ ದಾಟಿ, ಸೇಡಂನಲ್ಲಿ ಅವರನ್ನು ಹತ್ತಿಸಿಕೊಂಡು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು.

ಊರಿನ ಕಟ್ಟಕಡೆಯ ಮನೆ ಅವನದು. ಹಿತ್ತಲು ದಾಟಿದರೆ ಕಾಡು. ಒಳಗೆ ಹೋದ ನನಗೆ ಮೊದಲು ಕಂಡದ್ದು ಉರಿಯುತ್ತಿದ್ದ ಒಲೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ರೊಟ್ಟಿ, ಪಲ್ಯ ಕಟ್ಟಿಕೊಂಡು ಬಂದು, ಒಲ್ಲೆ ಅಂದರೂ ಕೂಡಿಸಿ ಉಣಿಸುತ್ತಾರೆ. ಈ ಸೀಮೆಯಲ್ಲಿ ಎಂಥ ಹಗೆಯವರೂ ಆ ಮಟ್ಟಿಗೆ ಹಗೆ ಮರೆಯುತ್ತಾರೆ. ಇಲ್ಲಿ ಅವನ ಹೆಂಡತಿ ತಾನೇ ಕೂತು ರೊಟ್ಟಿ ಬಡಿಯುತ್ತಿದ್ದಳು. ಯಾರೂ ಬಂದಿರಲಿಲ್ಲ. ನನಗೆ ಅಳು ಬಂದದ್ದು ಅವನ ಫೋಟೋ ನೋಡಿ ಅಲ್ಲ, ಆ ರೊಟ್ಟಿ ನೋಡಿ.

ಯಾಕೆ ಬಂದಿಲ್ಲ ಎಂಬುದನ್ನು ಹೊರಗೆ ನಿಂತಿದ್ದ ರೇಂಜರ್ ಸಾಹೇಬರು ಹೇಳಿದರು. ಬೆಂಕಿಗೆ ಊರಿನ ಹಲವರ ಬಣವೆ, ತೊಗರಿ ಹೊಟ್ಟು, ಒಬ್ಬರ ಆಡಿನ ದೊಡ್ಡಿ ಎಲ್ಲ ಹೋಗಿದ್ದವು. ಕಾವಲುಗಾರನ ಅಂಗಿ ಜೇಬಿನಲ್ಲಿ ಬೆಂಕಿಪೊಟ್ಟಣ ಸಿಕ್ಕಿತ್ತು. ಅವನು ಬೀಡಿ ಸೇದುವವನಲ್ಲ. ಹಳೆ ಹುಲ್ಲು ಸುಟ್ಟರೆ ಎಳೆ ಹುಲ್ಲು ಚಿಗುರುತ್ತದೆ ಎಂದು ದನ ಇದ್ದವರು ಕೆಲವರು ಕದ್ದು ಬೆಂಕಿ ಇಡುವುದುಂಟು, ಅವನಿಗೆ ಎಮ್ಮೆಗಳಿದ್ದವು. ಊರು ಲೆಕ್ಕ ಹಾಕಿ ಮುಗಿಸಿತ್ತು. ಕಾಯಬೇಕಾದವನೇ ಇಟ್ಟ, ತಾನೇ ಸಿಕ್ಕಿಬಿದ್ದ.

ಅವನ ತಾಯಿ ಗೋಡೆಗೆ ಒರಗಿ ಕೂತಿದ್ದರು. ನನ್ನ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡರು.

"ಯವ್ವಾ, ನೀ ಬೆಂಕಿ ಓದಾಕಿ ಅಂತ ನನ್ನ ಮಗ ಹೇಳತಿದ್ದ. ಅಂವ ಹಚ್ಚಿಲ್ಲ ಅಂತ ಊರ ಮುಂದ ಹೇಳು."

"ಆಯಿ, ನೆಲದ ಮ್ಯಾಲ ಏನದ ಅದನ್ನ ಹೇಳಬಲ್ಲೆ. ಹಿಂಗೇ ಬರ್ತದ ಅಂತ ಮೊದಲೇ ಹೇಳಾಕ ಆಗಂಗಿಲ್ಲ."

"ಖರೇ ಇದ್ದದ್ದೇ ಹೇಳು. ಖರೇ ಇದ್ರ ಅದೇ ಬರ್ತದ" ಎಂದರು ಆಕೆ.

ಬೆಂಕಿಯ ಮೂಲ ನಾನೇ ಹುಡುಕುತ್ತೇನೆ ಎಂದಾಗ ರೇಂಜರ್ ಸಾಹೇಬರು ಒಪ್ಪಿದರು. ಆದರೆ ಒಂದು ಮಾತು ಹಾಕಿದರು: "ವರದಿ ಬರದು ಕಾಗದ ಕೊಟ್ಟು ಹೋದ್ರ ನಡ್ಯಾಂಗಿಲ್ಲ ಮೇಡಂ. ಊರ ಸಭಾ ಕೂಡಸ್ತೀನಿ. ನೀವೇ ನಿಂತು ಓದಬೇಕು."

ಬೆಂಕಿಯ ಮೂಲ ಹುಡುಕುವುದು ಹಿಮ್ಮುಖ ನಡಿಗೆ. ಬೆಂಕಿ ನಿಂತ ಜಾಗದಿಂದ ಶುರು ಮಾಡಿ, ಅದು ಹುಟ್ಟಿದ ಕಡೆಗೆ ಹೆಜ್ಜೆ ಹೆಜ್ಜೆಗೂ ಬಗ್ಗಿ ನೋಡುತ್ತ ಹೋಗಬೇಕು. ಗುರುತು ಸಿಕ್ಕಲ್ಲೆಲ್ಲ ಬಾವುಟ ನೆಡಬೇಕು: ಗಾಳಿ ಹಿಡಿದು ಮುನ್ನುಗ್ಗಿದ ಬೆಂಕಿಗೆ ಕೆಂಪು, ಪಕ್ಕಕ್ಕೆ ಹರಡಿದ ಬೆಂಕಿಗೆ ಹಳದಿ, ಗಾಳಿಗೆ ಎದುರಾಗಿ ತೆವಳಿದ ಬೆಂಕಿಗೆ ನೀಲಿ. ತೆವಳುವ ಬೆಂಕಿ ಹುಲ್ಲಿನ ಬುಡವನ್ನು ಮೊದಲು ಕಡಿಯುತ್ತದೆ, ಬೆಂಕಿ ಬಂದ ಕಡೆಗೇ ತಲೆ ಮಾಡಿ ಕಡ್ಡಿ ಬೀಳುತ್ತದೆ. ಕಲ್ಲಿನ ಒಂದು ಮೈ ಮಸಿಯಾಗಿದ್ದರೆ ಬೆಂಕಿ ಬಂದದ್ದು ಆ ಮೈ ಕಡೆಯಿಂದ. ಇದೆಲ್ಲ ಹೇಳುವಷ್ಟು ಸುಲಭವಾಗಿ ಸಿಗುವುದಿಲ್ಲ. ನಾವು ಹೋಗುವಷ್ಟರಲ್ಲಿ ಅರ್ಧ ಊರು ನೋಡಲು ಬಂದು ತುಳಿದಿತ್ತು, ಕುರಿ ಹಿಂಡು ಹಾದಿತ್ತು, ಕಡ್ಡಿಗಳು ಪುಡಿಯಾಗಿದ್ದವು. ಮೊದಲ ದಿನವೆಲ್ಲ ಬಿಸಿಲಲ್ಲಿ ಮಂಡಿಯೂರಿ ನೆಟ್ಟ ಬಾವುಟಗಳನ್ನು ಮರುದಿನ ನಾನೇ ಕಿತ್ತೆ. ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಸಿಟ್ಟಿನಲ್ಲಿ ಸಹೋದ್ಯೋಗಿಯ ಮೇಲೂ ಹರಿಹಾಯ್ದೆ, ಪಾಪ ಅವರದೇನೂ ತಪ್ಪಿರಲಿಲ್ಲ.

ದಾರಿ ಸಿಕ್ಕಿದ್ದು ಮರಗಳಿಂದ. ಕಾಡಿನ ಒಳಗಿನ ಮರಗಳ ಬೊಡ್ಡೆಗೆ ಒಂದು ಮಗ್ಗುಲಲ್ಲಿ ಮಸಿ ಆಳೆತ್ತರ ಏರಿತ್ತು, ಊರಿನ ಕಡೆಯ ಮಗ್ಗುಲಲ್ಲಿ ಮೊಣಕಾಲ ಮಟ್ಟಕ್ಕೇ ನಿಂತಿತ್ತು. ಊರವರು ಇದನ್ನೇ ತೋರಿಸಿ, "ನೋಡ್ರಿ, ಬೆಂಕಿ ಕಾಡಿನಾಗಿಂದ ಬಂದು ಮರಕ್ಕ ಬಡದದ, ಅದಕ್ಕೇ ಆ ಮಗ್ಗಲ ಜಾಸ್ತಿ ಸುಟ್ಟದ" ಎನ್ನುತ್ತಿದ್ದರು. ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಗಾಳಿಯ ಜೊತೆ ಓಡುವ ಬೆಂಕಿ ಬೊಡ್ಡೆಯನ್ನು ಎರಡೂ ಕಡೆಯಿಂದ ಬಳಸಿ ಹೋಗಿ, ಗಾಳಿ ಮರೆಯಾದ ಹಿಂಬದಿಯಲ್ಲಿ ಸುತ್ತಿಕೊಂಡು ಮೇಲಕ್ಕೆ ಎದ್ದುಬಿಡುತ್ತದೆ. ಎತ್ತರದ ಮಸಿ ಇರುವುದು ಬೆಂಕಿ ಹೋದ ಕಡೆಗೆ, ಬಂದ ಕಡೆಗಲ್ಲ. ನಮ್ಮ ಗಾಳಿ ಕಂಬ ಅರ್ಧ ಬೆಂದಿದ್ದರೂ ಅದರ ಪೆಟ್ಟಿಗೆಯೊಳಗಿನ ದಾಖಲೆ ಉಳಿದಿತ್ತು. ಅವತ್ತು ಮಧ್ಯಾಹ್ನ ಗಾಳಿ ಊರಿನಿಂದ ಕಾಡಿಗೆ ಬೀಸಿತ್ತು. ಬೆಂಕಿ ಕಾಡಿನಿಂದ ಊರಿಗೆ ಬಂದಿರಲಿಲ್ಲ. ಊರ ಕಡೆಯಿಂದ ಕಾಡಿಗೆ ಹೋಗಿತ್ತು, ಬಣವೆಗಳನ್ನು ಸುಟ್ಟದ್ದು ಅದರ ಪಕ್ಕದ ಕವಲು. ಅವತ್ತು ಸಂತೆಯಾದ್ದರಿಂದ ಊರಲ್ಲಿ ನೋಡುವವರೇ ಇರಲಿಲ್ಲ.

ಬೆಂಕಿಪೊಟ್ಟಣದ ಮಾತೂ ಅಲ್ಲೇ ತಿಳಿಯಿತು. ಮೇಲಿನ ಒಣಹಳ್ಳದ ತಲೆಯಲ್ಲಿ ಅವನು ಹುಲ್ಲು ಸವರಿ ಒಂದು ಪಟ್ಟಿ ತೆರವು ಮಾಡಿದ್ದ. ಪಟ್ಟಿಯ ಕೆಳಗೆ ಉದ್ದಕ್ಕೂ ನೀಲಿ ಬಾವುಟದ ಗುರುತುಗಳು, ಅಂದರೆ ಅಲ್ಲಿಂದ ಬೆಂಕಿ ಗಾಳಿಗೆ ಎದುರಾಗಿ ಕೆಳಕ್ಕೆ ತೆವಳಿತ್ತು. ಬರುವ ಬೆಂಕಿಗೆ ತಿನ್ನಲು ಏನೂ ಉಳಿಯದಂತೆ ಮೊದಲೇ ಸುಟ್ಟುಬಿಡುವ ಎದುರುಬೆಂಕಿ ಅದು. ಕಾವಲಿನವರೆಲ್ಲ ಜೇಬಿನಲ್ಲಿ ಬೆಂಕಿಪೊಟ್ಟಣ ಇಟ್ಟುಕೊಳ್ಳುವುದು ಇದಕ್ಕೇ. ದೊಡ್ಡ ಬೆಂಕಿ ಆ ಪಟ್ಟಿಯ ಹತ್ತಿರ ಬಂದು ಸತ್ತಿತ್ತು. ದಿಬ್ಬದ ಆಚೆಗಿನ ಲಂಬಾಣಿ ತಾಂಡಾ ಉಳಿದಿತ್ತು. ಆದರೆ ಬೆಂಕಿ ಹೊಕ್ಕ ಒಣಹಳ್ಳ ಒಲೆಯ ಹೊಗೆಗೂಡಿನ ಹಾಗೆ ಬಿಸಿಯನ್ನೆಲ್ಲ ಮೇಲಕ್ಕೆ ಎಳೆಯುತ್ತದೆ. ಅವನು ನಿಂತಿದ್ದು ಆ ಗೂಡಿನ ಬಾಯಿಗೆ. ಆ ಜಾಗದಲ್ಲಿ ಕೂತು ಬರೆದುಕೊಳ್ಳುವಾಗ ಮೊದಲ ಸಾಲನ್ನೇ ಮೂರು ಸಲ ಹೊಡೆದುಹಾಕಿದೆ. ಸಹೋದ್ಯೋಗಿ ಪೆನ್ನು ತೆಗೆದುಕೊಂಡು ತಾವೇ ಬರೆದರು.

ಇಷ್ಟಾದ ಮೇಲೆ ನಾನು ಗೆದ್ದೆ ಅಂದುಕೊಂಡೆ. ಆಯಿಯ ಮನೆಗೆ ಬಂದು, "ನಿಮ್ಮ ಮಗ ಹಚ್ಚಿದ್ದು ಖರೇ ಅದ, ಆದ್ರ ಬಂದ ಬೆಂಕಿ ತಡಿಯಾಕ" ಎಂದು ಹೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ನಮ್ಮಿಬ್ಬರಿಗೂ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದರು. ಆ ದಿನಗಳಲ್ಲಿ ನಮ್ಮ ಮಧ್ಯಾಹ್ನದ ಊಟ ಅಲ್ಲೇ. ಬೇಡವೆಂದರೆ ಕೇಳುತ್ತಿರಲಿಲ್ಲ. ಊರಿನಿಂದ ಯಾರೂ ಬಾರದ ಮನೆಗೆ ನಾವಾದರೂ ಹೋಗಿ ಉಣ್ಣುವುದು ಒಂದು ಕೆಲಸವೇ ಎಂದು ನನಗೂ ಅನಿಸಿತ್ತು.

ಉಳಿದದ್ದು ಮೂಲ. ಊರಿನಂಚಿಗೆ ತೊಗರಿ ಹೊಲವೊಂದಿತ್ತು. ಅದರ ಕೂಳೆಗೆ ಯಾರೋ ಬೆಂಕಿ ಇಟ್ಟಿರಬೇಕು, ಅದೇ ಹಾರಿಕೊಂಡು ಹೋಗಿರಬೇಕು ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಹೊಲಕ್ಕೆ ಹೋಗಿ ನೋಡಿದರೆ ಕೂಳೆ ಹಾಗೇ ನಿಂತಿದೆ, ಸುಟ್ಟೇ ಇಲ್ಲ. ಕೆಂಪು ಬಾವುಟಗಳ ಎರಡು ಸಾಲು ಇಳಿಜಾರಿನಲ್ಲಿ ಒಂದಕ್ಕೊಂದು ಹತ್ತಿರವಾಗುತ್ತ, ಕಿರಿದಾಗುತ್ತ, ಹೊಲವನ್ನು ಬಿಟ್ಟು ಮನೆಗಳ ಹಿಂಬದಿಗೆ ತಿರುಗಿದವು. ಬೆಂಕಿ ಹುಟ್ಟುವ ಹತ್ತಿರ ಅದಕ್ಕೆ ಇನ್ನೂ ಬಲ ಬಂದಿರುವುದಿಲ್ಲ, ಗುರುತುಗಳು ಸಣ್ಣವಾಗುತ್ತವೆ. ಒಂದೊಂದು ಗೇಣಿಗೂ ಕೂತು ನೋಡಬೇಕಾಯಿತು. ಕೊನೆಗೆ ಸಾಲು ಹೋಗಿ ನಿಂತದ್ದು ಕಾವಲುಗಾರನ ಮನೆಯ ಹಿತ್ತಲಿನ ತಿಪ್ಪೆಯಲ್ಲಿ.

ತಿಪ್ಪೆಗೆ ಮೂರು ಕಡೆ ಶಹಾಬಾದಿ ಫರ್ಸಿಕಲ್ಲು ನಿಲ್ಲಿಸಿ ಗೋಡೆ ಮಾಡಿದ್ದರು, ಕಾಡಿನ ಕಡೆ ತೆರೆದಿತ್ತು. ಕಲ್ಲುಗಳ ಹೊರಮೈ ಸ್ವಚ್ಛ. ಒಳಮೈ ಕಪ್ಪಾಗಿ, ಕೆಲವು ಕಡೆ ಬಿಸಿಗೆ ಹೊಪ್ಪಳಿಕೆ ಎದ್ದು ಉದುರಿತ್ತು. ಬೆಂಕಿ ಹೊರಗಿನಿಂದ ತಿಪ್ಪೆಗೆ ಬಂದದ್ದಲ್ಲ, ತಿಪ್ಪೆಯಿಂದ ಹೊರಗೆ ಹೋದದ್ದು. ಯಾರೋ ಬೀಡಿ ಎಸೆದಿರಬಹುದೇ ಎಂದು ಸಹೋದ್ಯೋಗಿ ಕೇಳುತ್ತಿದ್ದಾಗಲೇ ಹಿಂಬಾಗಿಲು ತೆರೆಯಿತು. ಆಯಿ ತಗಡಿನ ಪುಟ್ಟಿಯಲ್ಲಿ ಒಲೆಯ ಬೂದಿ ತಂದು, ಬೊಗಸೆ ನೀರು ಚಿಮುಕಿಸಿ, ತಿಪ್ಪೆಗೆ ಸುರಿದರು. ನಮ್ಮನ್ನು ನೋಡಿ, "ಊಟಕ್ಕ ಬರ್ರಿ, ರೊಟ್ಟಿ ಆರಲಿಕತ್ತಾವ" ಎಂದರು.

ನಾನು ಬಿಸಿ ಅಳೆಯುವ ಕಡ್ಡಿಯನ್ನು ಆ ಬೂದಿಯೊಳಗೆ ಇಳಿಸಿದೆ. ಆಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಂಕಿ ಏರಿದ್ದು ಏರುತ್ತಲೇ ಹೋಯಿತು. ಆ ಮನೆಯಲ್ಲಿ ಉರಿಸುವುದು ಕುಳ್ಳು. ಸಗಣಿಯ ಬೆಂಕಿ ಬೂದಿಯ ಹೊದಿಕೆಯೊಳಗೆ ಮಲಗಿ ಮರುದಿನದವರೆಗೂ ಸಾಯುವುದಿಲ್ಲ. ಮೇಲೆ ನೀರು ಬಿದ್ದರೆ ಸಿಪ್ಪೆ ತಣ್ಣಗಾಗುತ್ತದೆ, ಒಳಗಿನದಕ್ಕೆ ಗೊತ್ತೇ ಆಗುವುದಿಲ್ಲ. ಇದನ್ನು ಊಹೆಗೆ ಬಿಡುವಂತಿರಲಿಲ್ಲ. ಅದೇ ಬೂದಿಯನ್ನು ಒಂದು ಫರ್ಸಿಯ ಮೇಲೆ ತೆಗೆದಿಟ್ಟು, ಮರುದಿನ ಮಧ್ಯಾಹ್ನ ಗಾಳಿ ಎದ್ದ ಮೇಲೆ ಹೋದೆವು. ಕೈ ಇಟ್ಟರೆ ತಣ್ಣಗಿತ್ತು. ಒಣಹುಲ್ಲಿನ ಹಿಡಿಯೊಂದನ್ನು ಮೇಲಿಟ್ಟು ಗಾಳಿಗೆ ಬಿಟ್ಟೆವು. ಮೊದಲು ಬೂದಿ ಹಾರಿತು, ಆಮೇಲೆ ಹೊಗೆ, ಆಮೇಲೆ ಉರಿ.

ಇಷ್ಟು ವರ್ಷ ಎಷ್ಟೋ ಸಲ ಬೇಕೆಂದೇ ಬೆಂಕಿ ಹಚ್ಚಿ ಅಳೆದಿದ್ದೇನೆ. ಹುಲ್ಲು ಹೊತ್ತಿಕೊಂಡರೆ ಒಂದು ಸಣ್ಣ ಸಂತೋಷ ಇದ್ದೇ ಇರುತ್ತದೆ. ಅವತ್ತು ಅದು ಹೊತ್ತಬಾರದು ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಹೊತ್ತಿತು. ತಿರುಗಿ ನೋಡಿದರೆ ಆಯಿಯ ಸೊಸೆ ನೀರಿನ ಕೊಡ ಹಿಡಿದು ಹಿಂದೆ ನಿಂತಿದ್ದಳು. ಅವಳಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ. ಕೊಡ ಇಳಿಸಿ, ಉರಿಯುತ್ತಿದ್ದ ಹುಲ್ಲಿನ ಮೇಲೆ ನೀರು ಸುರಿದಳು.

"ಅಕ್ಕೋರ, ಬೂದಿ ನಾ ಚೆಲ್ಲೀನಿ ಅಂತ ಬರೀರಿ."

"ವರದಿಯಾಗ ಯಾರ ಹೆಸರೂ ಬರಾಂಗಿಲ್ಲ."

"ಹೆಸರ ಯಾಕ ಬೇಕ್ರಿ? ತಿಪ್ಪಿ ಯಾರದು ಅಂತ ಊರಿಗೇ ಗೊತ್ತದ. ನನಗ ಅಂದ್ರ ಅನ್ನಲಿ. ನಾ ಕೂಲಿಗಿ ಹೋಗಾಕಿ, ಹತ್ತು ಮಂದಿ ಮಾತು ಕೇಳಿದಾಕಿ. ಅತ್ತಿಗಿ ಮಗ ಅಂದ್ರ ಜೀವ ಇತ್ತು. ಇದು ತಿಳಿದ್ರ ಆಕಿ ಉಳ್ಯಾಂಗಿಲ್ಲ."

ಗಂಡನನ್ನು ಕಳೆದುಕೊಂಡು ಇನ್ನೂ ಸರಿಯಾಗಿ ಅತ್ತೂ ಇರದ ಹೆಂಗಸು ಅತ್ತೆಗಾಗಿ ಸುಳ್ಳು ಹೊರಲು ನಿಂತಿದ್ದಳು. ಆ ಸುಳ್ಳನ್ನು ನಾನು ಬರೆಯುವಂತಿರಲಿಲ್ಲ, ಅವಳನ್ನು ಬೇಡ ಅನ್ನುವ ಮನಸ್ಸೂ ಬರಲಿಲ್ಲ.

ವಾಪಸು ಬರುವಾಗ ಸಹೋದ್ಯೋಗಿ ಕಾರಿನಲ್ಲಿ ಮೆಲ್ಲಗೆ ಹೇಳಿದರು: "ಮೂಲ ಖಚಿತ ಆಗಿಲ್ಲ ಅಂತ ಬರದ್ರ ಮುಗೀತು ಮೇಡಂ. ನಮ್ಮ ಕೆಲಸದಾಗ ಎಷ್ಟೋ ವರದಿ ಹಂಗೇ ಇರ್ತಾವ. ಯಾರೂ ಕೇಳಾಂಗಿಲ್ಲ." ಅದು ನಿಜ. ಬೆಂಕಿಯ ಮೂಲ ಸಿಗದಿರುವುದು ಅವಮಾನವೇನಲ್ಲ. ಕುರಕುಂಟಾ ಕಡೆಗೆ ಅವರದೊಂದು ಕೆಲಸವಿತ್ತು, ಅಲ್ಲಿಗೆ ಹೋಗಿ ಸೇಡಂಗೆ ಬರುವವರೆಗೂ ನಾನು ಆ ಒಂದು ಸಾಲನ್ನೇ ಮನಸ್ಸಿನಲ್ಲಿ ಬರೆದು ನೋಡಿದೆ. ಬರೆಯುವುದು ಎಷ್ಟು ಹಗುರ. ಆದರೆ ಮೂಲ ಗೊತ್ತಿಲ್ಲ ಎಂದು ನಾನು ಅಂದ ಕೂಡಲೇ ಊರು ತನಗೆ ಗೊತ್ತಿರುವುದನ್ನು ಹೇಳುತ್ತದೆ. ಜೇಬು, ಬೆಂಕಿಪೊಟ್ಟಣ, ಎಮ್ಮೆ. ಮರದ ಮಸಿ, ಎದುರುಬೆಂಕಿ ಎಂದೆಲ್ಲ ನಾನು ಎಷ್ಟು ವಿವರಿಸಿದರೂ, ಹಾಗಾದರೆ ಹಚ್ಚಿದ್ದು ಯಾರು ಎಂದು ಕೊನೆಯ ಸಾಲಿನಿಂದ ಒಬ್ಬ ಕೇಳಿದರೆ ಮುಗಿಯಿತು. ಮಗನ ಹೆಸರು ಉಳಿಯಬೇಕಾದರೆ ಮೂಲ ಹೇಳಲೇಬೇಕು. ಮೂಲ ಹೇಳಿದರೆ ತಾಯಿ. ಬೇರೆ ದಾರಿ ಇದೆಯೇ ಎಂದು ನಾನು ನಿಜವಾಗಿ ಹುಡುಕಿದೆ, ಸಿಗಲಿಲ್ಲ.

ಇದ್ದದ್ದನ್ನು ಇದ್ದಂತೆ ಬರೆದೆ. ಸಭೆಯಲ್ಲಿ ಹತ್ತು ಜನರ ನಡುವೆ ಅದು ಆಯಿಯ ಕಿವಿಗೆ ಬೀಳಬಾರದು, ಮೊದಲು ನಾನೇ ಹೋಗಿ ಹೇಳಬೇಕು ಎಂದು ಹಿಂದಿನ ದಿನ ಊರಿಗೆ ಹೋದೆ. ಆಕೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ಜೋಳದೊಳಗಿನ ಕಲ್ಲು ಆರಿಸತೊಡಗಿದೆ.

"ಆಯಿ, ವರದಿ ಆಗ್ಯದ. ನಾಳಿ ಓದೂದಕ್ಕಿಂತ ಮೊದಲ ನಿಮಗ ಒಂದು ಮಾತು..."

ಆಕೆ ಮೊರದಿಂದ ಕಣ್ಣು ಎತ್ತಲಿಲ್ಲ. "ನನಗೊಬ್ಬಾಕಿಗೇ ಹೇಳಬ್ಯಾಡ ಯವ್ವಾ. ಊರ ಮುಂದ ಹೇಳು. ನಾ ಅಲ್ಲೇ ಕೇಳ್ತೀನಿ."

ಶಾಲೆಯ ಅಂಗಳದಲ್ಲಿ ಸಭೆ ಕೂಡಿತು. ಬಣವೆ ಕಳೆದುಕೊಂಡವರು ಮುಂದೆ, ಹೆಂಗಸರು ಕಟ್ಟೆಯ ಮೇಲೆ. ಆಯಿ ಮತ್ತು ಸೊಸೆ ಒಂದು ಮೂಲೆಯಲ್ಲಿ, ಅವರ ಸುತ್ತ ಜಾಗ ಖಾಲಿ. ಮೈಕ್ ಬೇಡ ಎಂದೆ. ಗಾಳಿಯ ಮಾತು, ಮರದ ಮಸಿಯ ಮಾತು, ಒಣಹಳ್ಳದ ಪಟ್ಟಿಯ ಮಾತು ಹೇಳಿದೆ. ತಾಂಡಾದಿಂದ ಬಂದಿದ್ದ ಇಬ್ಬರು ಹಿರಿಯರು ತಲೆಯಾಡಿಸಿದರು. ಕಾವಲುಗಾರ ಕಾಡಿಗೆ ಬೆಂಕಿ ಇಟ್ಟಿಲ್ಲ, ಊರ ಕಡೆಯಿಂದ ಬಂದ ಬೆಂಕಿಯನ್ನು ತಡೆಯಲು ಎದುರುಬೆಂಕಿ ಕೊಟ್ಟು, ಅಲ್ಲಿಯೇ ಸತ್ತಿದ್ದಾನೆ ಎಂದು ಓದಿದೆ. ಆಮೇಲೆ, ಬೆಂಕಿ ಶುರುವಾದದ್ದು ಕಾಡಿನಂಚಿನ ಮನೆಯ ತಿಪ್ಪೆಯಲ್ಲಿ, ಆರದ ಬೂದಿಯಿಂದ, ಅದು ಯಾರೂ ಬೇಕೆಂದು ಮಾಡಿದ್ದಲ್ಲ ಎಂದು ಓದಿದೆ. ಅಷ್ಟು ಓದುವಾಗ ನಾನು ಆ ಮೂಲೆಯ ಕಡೆ ನೋಡಲಿಲ್ಲ.

ಆಡಿನ ದೊಡ್ಡಿ ಕಳೆದುಕೊಂಡವನು ಎದ್ದು ನಿಂತ. "ಬೂದಿ ಚೆಲ್ಲಿದವರು ಯಾರ್ರಿ?"

ಸೊಸೆ ಎದ್ದಳು. "ನಾನ್ರಿ."

"ಕುಂದ್ರು" ಎಂದರು ಆಯಿ. ಸೊಸೆಯ ಕೈ ಹಿಡಿದು ಜಗ್ಗಿ ಕೂಡಿಸಿ, ಅದೇ ಕೈಯ ಆಸರೆಯಿಂದ ತಾವು ಎದ್ದರು. "ಆಕಿ ನನ್ನ ಸಲುವಾಗಿ ಸುಳ್ಳ ಹೇಳಲಿಕತ್ತಾಳ. ಈಕಿ ಕೂಲಿಗಿ ಹೋದಮ್ಯಾಲ ಒಲಿ ಬೂದಿ ತಗಿಯೂದು ನಾನು. ಅವತ್ತೂ ನಾನೇ ಚೆಲ್ಲಿ ಸಂತಿಗಿ ಹೋಗೀನಿ." ನನ್ನ ಕಡೆ ತಿರುಗಿದರು. "ನೀ ಬೂದಿಯಾಗ ಕಡ್ಡಿ ಇಳಿಸಿದ ದಿನಾನೇ ನನಗ ತಿಳೀತು ಯವ್ವಾ. ನಿನ್ನ ಮಾರಿ ನೋಡಿದ್ನಲ್ಲ."

ಅದಾದ ಮೇಲೂ, ತಿಳಿದೂ ತಿಳಿದೂ, ಆಕೆ ನಮಗೆ ರೊಟ್ಟಿ ಬಡಿಸಿದ್ದರು. ದೊಡ್ಡಿಯವನು ನಿಂತೇ ಇದ್ದ, ಕೂತುಕೊಳ್ಳಬೇಕೋ ಬೇಡವೋ ತಿಳಿಯದೆ. ಸೊಸೆ ಅತ್ತೆಯ ಸೀರೆಯ ನೆರಿಗೆಗೆ ಮುಖವಿಟ್ಟು ಅಳುತ್ತಿದ್ದಳು. ರೇಂಜರ್ ಸಾಹೇಬರು, "ಆಯಿ, ಇದ್ರಾಗ ನಿಮ್ಮ ತಪ್ಪೇನಿಲ್ಲ, ಕುಂದ್ರಿ" ಎಂದರು.

"ನನ್ನ ಮಾತು ಇರ್ಲಿ ಸಾಹೇಬ್ರ" ಎಂದರು ಆಕೆ. ಕೂರಲಿಲ್ಲ. ಕಾಗದ ಹಿಡಿದ ನನ್ನ ಕೈಯನ್ನೇ ನೋಡುತ್ತಿದ್ದರು. "ನನ್ನ ಮಗ ಹಚ್ಚಿಲ್ಲ ಅನ್ನೂದು ಅದರಾಗ ಬರದದಲ್ಲ, ಅದನ್ನ ಇನ್ನೊಮ್ಮಿ ಓದು. ಹಿಂದ ಕುಂತವರಿಗಿ ಕೇಳಿಲ್ಲ."

ನಾನು ಓದಿದೆ.